ಅಚ್ಛೋದದ ದಂಡೆಯ ಮಾಯೆ

ಉಜ್ಜಯಿನಿಯ ಅರಸ ತಾರಾಪೀಡನು ತನ್ನ ಮಗ ಚಂದ್ರಾಪೀಡನ ವಿದ್ಯಾಭ್ಯಾಸಕ್ಕಾಗಿ ಊರ ಹೊರಗೆ, ಶಿಪ್ರಾ ನದಿಯ ಬದಿಯಲ್ಲಿ, ಒಂದು ವಿದ್ಯಾಮಂದಿರವನ್ನು ಕಟ್ಟಿಸಿದನೆಂದು ಬಾಣಭಟ್ಟನ ‘ಕಾದಂಬರಿ’ ಹೇಳುತ್ತದೆ. ಸುತ್ತಲೂ ಎತ್ತರವಾದ ಪ್ರಾಕಾರ. ಒಳಗೆ ನಾಡಿನಲ್ಲಿ ದೊರೆಯಬಹುದಾದ ಎಲ್ಲ ವಿದ್ಯೆಗಳ ಆಚಾರ್ಯರು. 6ನೆಯ ವಯಸ್ಸಿನಲ್ಲಿ ಒಳಹೊಕ್ಕ ಬಾಲಕನು ಹೊರಬಂದುದು 16ನೆಯ ವಯಸ್ಸಿನಲ್ಲಿ. ಈ 10 ವರ್ಷಗಳಲ್ಲಿ ಅವನು ಕಲಿತ ವಿದ್ಯೆಗಳನ್ನು ಬಾಣನು ಉಸಿರು ಬಿಡದೆ ಎಣಿಸುತ್ತಾನೆ: ವ್ಯಾಕರಣ, ತರ್ಕ, ಧರ್ಮಶಾಸ್ತ್ರ, ರಾಜನೀತಿ, ವ್ಯಾಯಾಮ, ಬಿಲ್ವಿದ್ಯೆ, ಆನೆ ಕುದುರೆಗಳ ಸವಾರಿ, ವೀಣೆ, ಕೊಳಲು, ಚಿತ್ರಕಲೆ, ಮರಗೆಲಸ, ವಾಸ್ತುವಿದ್ಯೆ, ಆಯುರ್ವೇದ, ವಿಷ ಇಳಿಸುವುದು, ಈಜುವುದು. ಪಟ್ಟಿ ಮುಗಿಯುತ್ತ ಬಂದಾಗ ‘ಇಂದ್ರಜಾಲ’ ಎಂಬ ಒಂದು ಹೆಸರು ಬರುತ್ತದೆ. ಅದರ ಬೆನ್ನಿಗೇ ಕಥೆ, ನಾಟಕ, ಆಖ್ಯಾಯಿಕೆ, ಕಾವ್ಯ. ತರ್ಕದ ಮಗ್ಗುಲಲ್ಲಿ ಮಾಯಾವಿದ್ಯೆಯನ್ನೂ ಮರಗೆಲಸದ ಮಗ್ಗುಲಲ್ಲಿ ಕಥೆಯನ್ನೂ ಕೂರಿಸುವುದರಲ್ಲಿ ಏಳನೆಯ ಶತಮಾನದ ಆ ಪಂಡಿತನಿಗೆ ಯಾವ ಅನೌಚಿತ್ಯವೂ ತೋರಲಿಲ್ಲ.

ಇಂದಿನ ಶಾಲೆಯ ಗ್ರಂಥಭಂಡಾರದ ಬೀಗದ ಕೈ ಯಾರ ವಶದಲ್ಲಿದೆಯೋ ಅವರಿಗೆ ಇದು ಅಷ್ಟು ಸುಲಭವಾಗಿ ಒಪ್ಪಿಗೆಯಾಗುವ ಮಾತಲ್ಲ. ಮಾಟ ಮಾಯೆಗಳ ಕಥೆ ಬುದ್ಧಿಯನ್ನು ಮಂಕುಗೊಳಿಸುತ್ತದೆ, ಪ್ರಣಯದ ಕಥೆ ಮನಸ್ಸನ್ನು ಚಂಚಲಗೊಳಿಸುತ್ತದೆ. ಎರಡೂ ಕೂಡಿದರೆ ಅಭ್ಯಾಸಕ್ಕೆ ಎಳ್ಳುನೀರೇ ಸರಿ ಎಂಬ ಭಯ ಅನೇಕ ಸಜ್ಜನ ಉಪಾಧ್ಯಾಯರಲ್ಲಿ ಇದೆ. ಭಯ ಪ್ರಾಮಾಣಿಕವಾದದ್ದೇ. ಆದರೆ ಇಂಥ ಕೃತಿಗಳು ಓದುಗನನ್ನು ಏಕೆ ಸೆಳೆಯುತ್ತವೆ, ಸೆಳೆದು ಎಲ್ಲಿಗೆ ಒಯ್ಯುತ್ತವೆ ಎಂಬುದನ್ನು ವಿಚಾರಿಸದೆ ಕಪಾಟಿಗೆ ಬೀಗ ಹಾಕುವುದು ವಿವೇಕವಲ್ಲ. ವಿಚಾರಣೆಗೆ ‘ಕಾದಂಬರಿ’ಗಿಂತ ಉತ್ತಮವಾದ ಸಾಕ್ಷಿ ಮತ್ತೊಂದಿಲ್ಲ, ಏಕೆಂದರೆ ಅದು ಆಪಾದಿಸಲಾದ ಎರಡೂ ಅಪರಾಧಗಳನ್ನು ಮನಃಪೂರ್ವಕವಾಗಿ ಎಸಗಿದ ಗ್ರಂಥ.

ಕನ್ನಡಿಗರಿಗಂತೂ ಈ ಗ್ರಂಥದೊಡನೆ ಒಂದು ವಿಶೇಷವಾದ ನಂಟಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮದ ‘ನಾವೆಲ್’ ಭಾರತಕ್ಕೆ ಬಂದಾಗ ಬಂಗಾಳಿ ಹಿಂದಿಗಳು ಅದಕ್ಕೆ ‘ಉಪನ್ಯಾಸ’ ಎಂದು ಹೆಸರಿಟ್ಟವು. ಗುಜರಾತಿಯು ‘ನವಲಕಥಾ’ ಎಂದಿತು. ಕನ್ನಡ ಮತ್ತು ಮರಾಠಿಗಳು ಮಾತ್ರ ಹೇಮಕೂಟದ ಒಬ್ಬ ಗಂಧರ್ವಕನ್ನೆಯ ಹೆಸರನ್ನೇ ಇಡೀ ಸಾಹಿತ್ಯಪ್ರಕಾರಕ್ಕೆ ಇಟ್ಟುಕೊಂಡವು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಸಮಾಜಸುಧಾರಣೆಯ ಕಥೆ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಬಡತನದ ಕಥೆ. ಅವೂ ಕನ್ನಡದಲ್ಲಿ ‘ಕಾದಂಬರಿ’ಗಳೇ. ಬೆವರು ಹಸಿವುಗಳ ವಾಸ್ತವವನ್ನು ಹೇಳುವ ಪುಸ್ತಕವನ್ನು ಕೂಡ ಕನ್ನಡಿಗನು ಒಬ್ಬ ಮಾಯಾಲೋಕದ ಹೆಣ್ಣಿನ ಹೆಸರಿನಿಂದಲೇ ಕರೆಯುತ್ತಾನೆ. ಹಾಗೆ ಕರೆಯುತ್ತಿರುವುದು ಅವನಿಗೆ ನೆನಪಿಲ್ಲ, ಅಷ್ಟೆ. ಆ ಶಬ್ದಕ್ಕೆ ಮದ್ಯ ಎಂಬ ಅರ್ಥವೂ ಉಂಟು. ಬಾಣನ ಮಗನೇ ತನ್ನ ಪೀಠಿಕೆಯಲ್ಲಿ ಆ ಶ್ಲೇಷೆಯನ್ನು ಬಳಸಿ, ಈ ರಸವನ್ನು ಕುಡಿದು ಮತ್ತರಾದವರ ಮಾತನ್ನು ಆಡಿದ್ದಾನೆ. ಕಥೆಯೆಂದರೆ ಅಮಲು ಎಂಬ ಆಕ್ಷೇಪಣೆ ಇಂದಿನದೇನೂ ಅಲ್ಲ. ಗ್ರಂಥಕರ್ತರೇ ಅದನ್ನು ನಗುನಗುತ್ತ ಮುಂಚೆಯೇ ಒಪ್ಪಿಕೊಂಡು ಕುಳಿತಿದ್ದಾರೆ.

ಬಾಣನು ಹರ್ಷವರ್ಧನನ (ಆಳ್ವಿಕೆ 606–647) ಆಸ್ಥಾನದವನು. ‘ಹರ್ಷಚರಿತ’ದ ಆರಂಭದಲ್ಲಿ ತನ್ನ ಪೂರ್ವವೃತ್ತಾಂತವನ್ನು ಅವನೇ ಹೇಳಿಕೊಂಡಿದ್ದಾನೆ. ಹಸುಳೆಯಾಗಿದ್ದಾಗಲೇ ತಾಯಿ ತೀರಿಕೊಂಡಳು. ತಂದೆಯೇ ತಾಯಿಯೂ ಆಗಿ ಸಾಕಿದನು. 14ರ ಸುಮಾರಿಗೆ ಆ ತಂದೆಯೂ ಇಲ್ಲವಾದನು. ದುಃಖ ಆರಿದ ಮೇಲೆ ಹುಡುಗನು ಮನೆ ಬಿಟ್ಟು ದೇಶ ಸುತ್ತಿದನು. ಅವನ ಜೊತೆಗಾರರ ಪಟ್ಟಿಯಲ್ಲಿ ಹಾವಾಡಿಗ ವೈದ್ಯ, ಚಿತ್ರಗಾರ, ಅಕ್ಕಸಾಲಿ, ಜೂಜುಗಾರ, ಕಥೆ ಹೇಳುವವನು, ದೇಶಭಾಷೆಯ ಕವಿ, ಇಂದ್ರಜಾಲದವನು ಎಲ್ಲರೂ ಇದ್ದಾರೆ. ವೈದಿಕ ಮನೆತನದ ಪಂಡಿತಪುತ್ರನೊಬ್ಬನು ಇಂಥ ಸಂಗಡಿಗರೊಡನೆ ಬೀದಿ ಬೀದಿ ಅಲೆದುದನ್ನು ಕಂಡು ದೊಡ್ಡವರು ನಕ್ಕರು ಎಂದೂ ಅವನೇ ಬರೆದಿದ್ದಾನೆ. ಮುಂದೆ ಅವನ ಗ್ರಂಥದಲ್ಲಿ ಕಾಣುವ ಲೋಕಜ್ಞಾನದ ವೈಶಾಲ್ಯ ಗುರುಕುಲವೊಂದರಿಂದಲೇ ಬಂದುದಲ್ಲವೆಂಬುದು ಸ್ಪಷ್ಟ.

ಕಥೆಯ ಎಲುಬುಗೂಡನ್ನು ಹೇಳಲು ಹೆಚ್ಚು ಹೊತ್ತು ಬೇಡ. ವಿದಿಶೆಯ ಅರಸ ಶೂದ್ರಕನ ಸಭೆಗೆ ಒಬ್ಬ ಚಂಡಾಲಕನ್ನೆ ಮಾತನಾಡುವ ಗಿಳಿಯೊಂದನ್ನು ತರುತ್ತಾಳೆ. ಗಿಳಿ ತನ್ನ ಕಥೆ ಹೇಳುತ್ತದೆ. ಅದರೊಳಗೆ ಜಾಬಾಲಿ ಋಷಿ ಚಂದ್ರಾಪೀಡನ ಕಥೆ ಹೇಳುತ್ತಾನೆ. ಅದರೊಳಗೆ ಮಹಾಶ್ವೇತೆ ತನ್ನ ಕಥೆ ಹೇಳುತ್ತಾಳೆ. ಮಹಾಶ್ವೇತೆ ಪುಂಡರೀಕನೆಂಬ ಋಷಿಕುಮಾರನಿಗೆ ಮನಸೋತವಳು. ಅವನು ವಿರಹದಿಂದ ಸತ್ತನು. ಮರಳಿ ಕೂಡುವಿರೆಂಬ ದೈವವಾಣಿಯನ್ನು ನಂಬಿ ಅವಳು ತಪಸ್ಸಿನಲ್ಲಿದ್ದಾಳೆ. ಅವಳ ಗೆಳತಿ ಕಾದಂಬರಿ. ಕಾದಂಬರಿಗೂ ಚಂದ್ರಾಪೀಡನಿಗೂ ಪ್ರೇಮ. ಪುಂಡರೀಕನು ಚಂದ್ರಾಪೀಡನ ಗೆಳೆಯ ವೈಶಂಪಾಯನನಾಗಿ ಹುಟ್ಟಿ, ಗುರುತರಿಯದ ಮಹಾಶ್ವೇತೆಯ ಶಾಪದಿಂದಲೇ ಗಿಳಿಯಾಗುತ್ತಾನೆ. ಗೆಳೆಯನ ಸಾವಿನ ಸುದ್ದಿಗೆ ಎದೆಯೊಡೆದು ಚಂದ್ರಾಪೀಡ ಸಾಯುತ್ತಾನೆ. ಕಥೆ ಕೇಳುತ್ತ ಕುಳಿತ ಶೂದ್ರಕನೇ ಆ ಚಂದ್ರಾಪೀಡ. ಚಂದ್ರಾಪೀಡನೇ ಆಕಾಶದ ಚಂದ್ರ. ಮೂರು ಜನ್ಮಗಳ ಗಂಟು ಕೊನೆಗೆ ಬಿಚ್ಚುತ್ತದೆ. ಸತ್ತವರು ಎದ್ದು ಬರುತ್ತಾರೆ.

ಇದಿಷ್ಟೇ ಕಥೆಯಾಗಿದ್ದರೆ ಅದು ಜಗತ್ತನ್ನು ಹಿಡಿದಿಡುತ್ತಿರಲಿಲ್ಲ. ಹಾಗೆ ಹೇಳಲು ಆಧಾರವಿದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವನು, ಗುಣಾಢ್ಯನ ‘ಬೃಹತ್ಕಥೆ’ಯ ಪರಂಪರೆಯಿಂದ ಕಥೆಗಳನ್ನು ಎತ್ತಿಕೊಂಡು ‘ಕಥಾಸರಿತ್ಸಾಗರ’ವನ್ನು ರಚಿಸಿದನಷ್ಟೆ. ಅದರಲ್ಲಿ ಸುಮನಸನೆಂಬ ರಾಜ, ಗಿಳಿ ತರುವ ನಿಷಾದಕನ್ನೆ, ಸರೋವರದ ಬಳಿಯ ತಪಸ್ವಿನಿ, ಶಾಪ, ಮರುಹುಟ್ಟು ಎಲ್ಲವೂ ಇವೆ. ಕೆಲವೇ ಪುಟಗಳಲ್ಲಿ ಕಥೆ ಮುಗಿಯುತ್ತದೆ. ಸೊಗಸಾಗಿಯೇ ಇದೆ, ಓದುಗ ತಲೆದೂಗಿ ಮುಂದಿನ ಕಥೆಗೆ ಹೋಗುತ್ತಾನೆ. ಅದೇ ಶಾಪ, ಅದೇ ಗಿಳಿ, ಅದೇ ಪ್ರೇಮ ಬಾಣನಲ್ಲಿ ಬಂದಾಗ ಓದುಗನು ಮುಂದಕ್ಕೆ ಹೋಗಲಾರ, ಅಲ್ಲೇ ನಿಲ್ಲುತ್ತಾನೆ. ಎರಡರ ನಡುವಣ ಅಂತರವೆಂದರೆ ಬಾಣನು ಆ ಘಟನೆಗಳ ಸುತ್ತ ತುಂಬಿದ ಗಾಳಿ, ಬೆಳಕು, ವಾಸನೆ, ಸಂಜೆ, ಮೌನ. ಒಂದೇ ಮಾತಿನಲ್ಲಿ, ವಾತಾವರಣ. ಇಂಥ ಕೃತಿಗಳ ಆಕರ್ಷಣೆ ಮಾಯೆಯಲ್ಲಿದೆಯೆಂದು ಕೆಲವರೂ ಪ್ರಣಯದಲ್ಲಿದೆಯೆಂದು ಕೆಲವರೂ ತಿಳಿಯುತ್ತಾರೆ. ಸೋಮದೇವನಲ್ಲಿ ಎರಡೂ ಇವೆ. ಆದರೂ ಆ ಮೋಹವಿಲ್ಲ. ವಾತಾವರಣವು ಕಥೆಗೆ ತೊಡಿಸಿದ ಆಭರಣವಲ್ಲ, ಕಥೆಯ ಉಸಿರು.

ಗಿಳಿಮರಿಯ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ವಿಂಧ್ಯಾಟವಿಯ ಪಂಪಾಸರೋವರದ ಬಳಿ ಒಂದು ಮುದಿ ಬೂರುಗದ ಮರ. ಅದರ ಪೊಟರೆಯಲ್ಲಿ ಹುಟ್ಟುವಾಗಲೇ ತಾಯಿಯನ್ನು ಕಳೆದುಕೊಂಡ ಮರಿ. ಮುಪ್ಪಿನಿಂದ ಹಾರಲಾರದ ತಂದೆ, ಬೇರೆ ಗೂಡುಗಳಿಂದ ಉದುರಿದ ಭತ್ತದ ಕಾಳು, ಹಣ್ಣಿನ ಚೂರುಗಳನ್ನು ಆಯ್ದು ತಂದು ಮರಿಗೆ ಉಣಿಸಿ ಉಳಿದುದನ್ನು ತಾನು ತಿನ್ನುತ್ತದೆ. ಒಂದು ಬೆಳಗ್ಗೆ ಬೇಡರ ದಂಡು ಕಾಡನ್ನು ಕಲಕಿಬಿಟ್ಟು ಹೋಗುತ್ತದೆ. ಗದ್ದಲ ಅಡಗಿತೆಂದು ಓದುಗ ಉಸಿರು ಬಿಡುವಷ್ಟರಲ್ಲಿ, ಬೇಟೆ ಸಿಗದೆ ಹಿಂದುಳಿದ ಒಬ್ಬ ಮುದಿಬೇಡ ಮರವನ್ನು ದಿಟ್ಟಿಸಿ ನೋಡಿ ಮೆಟ್ಟಲು ಹತ್ತುವಂತೆ ಹತ್ತಿ, ಹಣ್ಣು ಕೀಳುವಂತೆ ಮರಿಗಳನ್ನು ಕಿತ್ತು ಕತ್ತು ಮುರಿದು ಕೆಳಕ್ಕೆ ಎಸೆಯುತ್ತಾನೆ. ತಂದೆಗಿಳಿ ಏನನ್ನೂ ಮಾಡಲಾರದೆ ಮರಿಯನ್ನು ರೆಕ್ಕೆಯೊಳಗೆ ಮುಚ್ಚಿಕೊಳ್ಳುತ್ತದೆ. ಸತ್ತ ತಂದೆಯ ಮೈಯೊಡನೆ ಮರಿಯೂ ಕೆಳಗೆ ಬಿದ್ದು, ಗಾಳಿ ಗುಡ್ಡೆಹಾಕಿದ ತರಗೆಲೆಗಳ ಮೇಲೆ ಬಿದ್ದುದರಿಂದ ಬದುಕುತ್ತದೆ. ಅದಕ್ಕೆ ಮೊದಲು ಆದದ್ದು ದುಃಖವಲ್ಲ, ಭಯ. ಭಯ ಕಳೆದ ಮೇಲೆ ಆದದ್ದು ಬಾಯಾರಿಕೆ. ಅಪ್ಪ ಸತ್ತು ಬಿದ್ದಿರುವಾಗ ತನಗೆ ನೀರು ಬೇಕೆನಿಸಿತಲ್ಲ ಎಂದು ಗಿಳಿ ದೊಡ್ಡದಾದ ಮೇಲೆ ತನ್ನನ್ನು ತಾನೇ ಹಳಿದುಕೊಳ್ಳುತ್ತದೆ. ಜೀವದಾಸೆಗಿಂತ ಬಲವಾದುದು ಇಲ್ಲವೆಂಬ ಆ ನಾಚಿಕೆಯ ಅರಿವನ್ನು ಯಾವ ವಾಸ್ತವವಾದಿ ಲೇಖಕನೂ ಇದಕ್ಕಿಂತ ನಿಷ್ಠುರವಾಗಿ ಬರೆದಿಲ್ಲ. ಮಾತನಾಡುವ ಗಿಳಿಯೆಂಬ ಮಾಯೆ ಇಲ್ಲದಿದ್ದರೆ ಬಾಣನು ಇದನ್ನು ಹೇಳುತ್ತಿದ್ದನೋ ಇಲ್ಲವೋ! ತಾಯಿಯಿಲ್ಲದೆ ಬೆಳೆದು, ತಾಯಿಯಾಗಿದ್ದ ತಂದೆಯನ್ನೂ ಕಳೆದುಕೊಂಡ ಹುಡುಗನ ನೋವು, ತನ್ನ ಹೆಸರಿನಲ್ಲಿ ಹೇಳಲಾಗದುದನ್ನು, ಹಕ್ಕಿಯ ಕೊರಳಿನಿಂದ ಹೇಳಿಸಿದೆ ಎಂದು ಭಾವಿಸಿದರೆ ತಪ್ಪಾಗಲಾರದು.

ಇನ್ನು ಅಚ್ಛೋದ. ದಿಗ್ವಿಜಯಕ್ಕೆ ಹೊರಟ ಚಂದ್ರಾಪೀಡನು ಒಂದು ಕಿನ್ನರ ದಂಪತಿಗಳನ್ನು ಕಂಡು ಕುತೂಹಲದಿಂದ ಬೆನ್ನಟ್ಟುತ್ತಾನೆ. ಅವು ಬೆಟ್ಟವೇರಿ ಮರೆಯಾಗುತ್ತವೆ, ಸೈನ್ಯ ಎಲ್ಲೋ ಹಿಂದೆ ಉಳಿದಿದೆ, ಕುದುರೆ ಬಳಲಿದೆ. ನೀರು ಹುಡುಕುತ್ತ ಹೋದವನಿಗೆ ಕೈಲಾಸದ ತಪ್ಪಲಲ್ಲಿ ಆ ಸರೋವರ ಕಾಣುತ್ತದೆ. ಅಲ್ಲಿ ಅವನು ಮೊದಲು ಕಾಣುವುದು ಹೆಣ್ಣನ್ನಲ್ಲ; ಮೊದಲು ಕೇಳುವುದು ವೀಣೆಯ ನಾದವನ್ನು. ನಾದವನ್ನು ಹಿಡಿದು ಹೋದರೆ ಒಂದು ಶಿವಾಲಯ. ಶಿವನ ಮುಂದೆ ಮೈಯೆಲ್ಲ ಬೆಳಕಾದಂತೆ ಬೆಳ್ಳಗಿರುವ ಒಬ್ಬ ತಪಸ್ವಿನಿ ವೀಣೆ ನುಡಿಸುತ್ತ ಹಾಡುತ್ತಿದ್ದಾಳೆ. ರಾಜಕುಮಾರ ಮಾತನಾಡಿಸುವುದಿಲ್ಲ. ಹಾಡು ಮುಗಿಯುವವರೆಗೂ ಒಂದು ಕಂಬದ ಬಳಿ ಕುಳಿತು ಕಾಯುತ್ತಾನೆ. ಆಮೇಲೆ ಅವಳು ಹೇಳುವ ಕಥೆಯಲ್ಲಿಯೂ ಇದೇ ಕ್ರಮ. ವಸಂತದಲ್ಲಿ ತಾಯಿಯೊಡನೆ ಸ್ನಾನಕ್ಕೆ ಬಂದ ಹುಡುಗಿ ಮಹಾಶ್ವೇತೆಗೆ ಪುಂಡರೀಕನು ಕಾಣುವ ಮೊದಲು ಅವನ ಕಿವಿಯಲ್ಲಿದ್ದ ಪಾರಿಜಾತದ ಗಂಧ ಬರುತ್ತದೆ. ಭೂಮಿಯ ಹೂವಿನದಲ್ಲದ ಆ ವಾಸನೆಯ ಜಾಡು ಹಿಡಿದು ಹೋದವಳು ಅವನನ್ನು ಕಾಣುತ್ತಾಳೆ. ಅವನು ಆ ಹೂವನ್ನು ಅವಳ ಕಿವಿಗೆ ಮುಡಿಸುವಾಗ ಕೈಯಿಂದ ಜಪಮಾಲೆ ಜಾರುತ್ತದೆ. ಜಾರಿದ್ದು ಅವನಿಗೆ ತಿಳಿಯದು. ಅದು ನೆಲಕ್ಕೆ ಬೀಳುವ ಮೊದಲೇ ಹಿಡಿದು ಅವಳು ಕೊರಳಿಗೆ ಹಾಕಿಕೊಳ್ಳುತ್ತಾಳೆ. ಸ್ನೇಹಿತ ಕಪಿಂಜಲ ಎಚ್ಚರಿಸಿದ ಮೇಲೆ, ಹುಸಿಕೋಪ ತಂದುಕೊಂಡು ಮಾಲೆಯನ್ನು ಹಿಂದಕ್ಕೆ ಕೇಳಿದರೆ, ಅವಳು ತನ್ನ ಮುತ್ತಿನ ಎಳೆಯನ್ನು ಬಿಚ್ಚಿ ಕೊಡುತ್ತಾಳೆ; ಅವಳ ಮುಖವನ್ನೇ ನೋಡುತ್ತಿದ್ದ ಅವನು ಅದನ್ನೇ ಜಪಮಾಲೆಯೆಂದು ಸ್ವೀಕರಿಸುತ್ತಾನೆ. ಪ್ರೇಮ ಎಂಬ ಶಬ್ದ ಇನ್ನೂ ಯಾರ ಬಾಯಿಂದಲೂ ಬಂದಿಲ್ಲ. ಒಂದು ಗಂಧ, ಒಂದು ಜಾರಿದ ಮಾಲೆ, ಒಂದು ಅದಲುಬದಲು: ಓದುಗನಿಗೆ ಎಲ್ಲವೂ ತಿಳಿದುಹೋಗಿದೆ.

ಪ್ರಣಯದ ಕಥೆಗೆ ಅಂಜುವವರು ಈ ಪ್ರಸಂಗದ ಮುಂದಿನ ಭಾಗವನ್ನು ಗಮನಿಸಬೇಕು. ಕಪಿಂಜಲನು ಗೆಳೆಯನನ್ನು ಸುಮ್ಮನೆ ಬಿಡುವುದಿಲ್ಲ. ಓದಿದ್ದೆಲ್ಲ ಎಲ್ಲಿ ಹೋಯಿತು, ಇಂದ್ರಿಯನಿಗ್ರಹ ಎಲ್ಲಿ ಹೋಯಿತು ಎಂದು ಅವನು ಆಡುವ ಮಾತುಗಳಿಗಿಂತ ಖಾರವಾದ ಬುದ್ಧಿವಾದವನ್ನು ಯಾವ ಉಪಾಧ್ಯಾಯನೂ ಹೇಳಲಾರ. ಆದರೆ ಬುದ್ಧಿವಾದ ಸೋತಾಗ ಅದೇ ಕಪಿಂಜಲ, ನೀತಿಯನ್ನು ಬದಿಗಿಟ್ಟು, ಗೆಳೆಯನ ಜೀವ ಉಳಿಸಲೆಂದು ನಾಚಿಕೆ ಬಿಟ್ಟು ಮಹಾಶ್ವೇತೆಯ ಮನೆಗೆ ನಡೆದು ಹೋಗುತ್ತಾನೆ. ಅವಳು ಬೆಳುದಿಂಗಳಿನಲ್ಲಿ ದಾರಿ ಹಿಡಿದು ಬರುವಷ್ಟರಲ್ಲಿ ಕಾಲ ಮಿಂಚಿದೆ. ದೂರದಿಂದಲೇ ಕಪಿಂಜಲನ ಅಳು ಕೇಳುತ್ತದೆ. ಇತ್ತ ಕಾದಂಬರಿ, ತನ್ನ ಗೆಳತಿ ಈ ಸ್ಥಿತಿಯಲ್ಲಿರುವ ತನಕ ತಾನು ಮದುವೆಯಾಗೆನೆಂದು ಪಣತೊಟ್ಟವಳು. ಪ್ರಣಯಕಥೆಯೆಂದು ಹೆಸರಾದ ಈ ಗ್ರಂಥದಲ್ಲಿ ಅತ್ಯಂತ ದೃಢವಾದ ಬಂಧಗಳು ಈ ಎರಡು ಸ್ನೇಹಗಳೇ ಎಂಬುದನ್ನು ವಿಮರ್ಶಕರು ಸಾಕಷ್ಟು ಹೇಳಿಲ್ಲ.

ಮಾಯೆಯ ವಿಷಯವೂ ಹೀಗೆಯೇ. ‘ಕಾದಂಬರಿ’ಯಲ್ಲಿ ದಂಡ ಬೀಸಿ ಬೇಕಾದುದನ್ನು ಬರಮಾಡಿಕೊಳ್ಳುವ ಮಾಂತ್ರಿಕನಿಲ್ಲ. ಮಾಯೆಯಿಂದ ಇಲ್ಲಿ ಯಾರಿಗೂ ಲಾಭವಾಗುವುದಿಲ್ಲ. ಸಾಯುವ ಗಳಿಗೆಯಲ್ಲಿ ಪುಂಡರೀಕನು ತನ್ನನ್ನು ಸುಟ್ಟ ಚಂದ್ರನಿಗೆ, ನೀನೂ ಹೀಗೆ ಬೇಯು ಎಂದು ಶಪಿಸುತ್ತಾನೆ. ಚಂದ್ರ ತಿರುಗಿ ಶಪಿಸುತ್ತಾನೆ. ಆತುರದಲ್ಲಿ ಆಕಾಶದ ದಾರಿಯಲ್ಲಿ ಒಬ್ಬನನ್ನು ದಾಟಿದ ತಪ್ಪಿಗೆ ಕಪಿಂಜಲ ಕುದುರೆಯಾಗುತ್ತಾನೆ. ಚಂದ್ರಾಪೀಡನು ಆ ಕುದುರೆಯನ್ನೇರಿ, ಅದು ಯಾರೆಂದು ತಿಳಿಯದೆ, ಅಚ್ಛೋದಕ್ಕೆ ಬರುತ್ತಾನೆ. ತಾನು ಕಾಯುತ್ತಿರುವವನೇ ಎದುರಿಗೆ ಬಂದು ನಿಂತಾಗ ಮಹಾಶ್ವೇತೆ ಗುರುತಿಸದೆ ಶಪಿಸುತ್ತಾಳೆ. ಈ ಮಾಯೆಯ ನಿಜವಾದ ಹೆಸರು ಮರೆವು. ಸಿಟ್ಟಿನಲ್ಲಿ ಆಡಿದ ಒಂದು ಮಾತು ಎಲ್ಲಿಗೆ ಹೋಗಿ ಯಾರನ್ನು ತಾಗುತ್ತದೆ, ಎಷ್ಟು ಕಾಲ ತಾಗುತ್ತದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡುವ ಉಪಾಯವೇ ಶಾಪ. ಚಂದ್ರಾಪೀಡನ ದೇಹ ಕೊಳೆಯದೆ ಉಳಿಯಿತೆಂಬುದು ಅಸಂಭವ. ಅದರ ಪಕ್ಕದಲ್ಲಿ ಕಾದಂಬರಿ ದಿನದಿನವೂ ಕುಳಿತು ಕಾದಳೆಂಬುದು ಅಸಂಭವವಲ್ಲ. ಹೋದ ಮಗನ ಕಾಗದಕ್ಕಾಗಿ ಕಾಯುವ ತಾಯಂದಿರನ್ನು ಬಲ್ಲ ಯಾರಿಗೂ ಆ ಕಾಯುವಿಕೆ ಕಟ್ಟುಕಥೆಯೆನಿಸದು.

ಹತ್ತೊಂಬತ್ತನೆಯ ಶತಮಾನದ ಜರ್ಮನ್ ಪಂಡಿತ ಆಲ್‌ಬ್ರೆಕ್ಟ್ ವೇಬರ್ ಬಾಣನ ಗದ್ಯವನ್ನು ದಟ್ಟವಾದ ಕಾಡಿಗೆ ಹೋಲಿಸಿ, ಅಪರಿಚಿತ ಶಬ್ದಗಳು ಅಲ್ಲಿ ಕಾಡುಮೃಗಗಳಂತೆ ಪಯಣಿಗನ ಮೇಲೆ ಎರಗುತ್ತವೆ ಎಂದು ದೂರಿದನು. ದೂರು ಪೂರ್ತಿ ಸುಳ್ಳಲ್ಲ. ಪುಟಗಟ್ಟಲೆ ಹರಿಯುವ ವಾಕ್ಯದಲ್ಲಿ ಕ್ರಿಯಾಪದವನ್ನು ಹುಡುಕಿ ಬಸವಳಿದ ವಿದ್ಯಾರ್ಥಿಗಳ ನಿಟ್ಟುಸಿರು ಸಂಸ್ಕೃತ ತರಗತಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ ಕಾಡಿನಲ್ಲಿ ದಾರಿ ತಪ್ಪಿಸಿಕೊಳ್ಳುವುದೇ ಈ ಕಥೆಯ ವಿಷಯವಾಗಿರುವಾಗ, ಮರಗಳು ಹೆಚ್ಚಾದವೆಂಬುದು ಅಷ್ಟು ದೊಡ್ಡ ಆಕ್ಷೇಪಣೆಯಾಗದು. ದಾರಿ ಸುಗಮವಾಗಿದ್ದಿದ್ದರೆ ಚಂದ್ರಾಪೀಡನು ಅಚ್ಛೋದವನ್ನು ಸೇರುತ್ತಲೇ ಇರಲಿಲ್ಲ.

ಈ ಕಾಡಿನಲ್ಲಿ ಕನ್ನಡಿಗರಿಗಾಗಿ ದಾರಿ ಬಿಡಿಸಿದವನು ಹತ್ತನೆಯ ಶತಮಾನದ ಕೊನೆಯ ಭಾಗದ ನಾಗವರ್ಮ. ‘ಛಂದೋಂಬುಧಿ’ಯ ಕರ್ತೃವೆಂದು ಪ್ರಸಿದ್ಧನಾದ ಅವನ ‘ಕರ್ಣಾಟಕ ಕಾದಂಬರಿ’ ಸಂಸ್ಕೃತದ ಗದ್ಯವನ್ನು ಚಂಪುವಿನ ಪದ್ಯ ಗದ್ಯಗಳಿಗೆ ಇಳಿಸಿತು. ಬಾಣನ ಪೂರ್ವಭಾಗವನ್ನೂ ಮಗನ ಉತ್ತರಭಾಗವನ್ನೂ ಒಂದೇ ಕೈಯ ಕೃತಿಯಾಗಿ ಬೆಸೆಯಿತು. ಬಾದಾಮಿಯ ಪುಲಕೇಶಿ ಹರ್ಷನನ್ನು ತಡೆದ ಸಂಗತಿ 634ರ ಐಹೊಳೆ ಶಾಸನದಲ್ಲಿದೆ. ಹರ್ಷನ ಆಸ್ಥಾನದ ಕಥೆಯನ್ನು ಮಾತ್ರ ಕನ್ನಡ ನಾಡು ತಡೆಯಲಿಲ್ಲ. ಮೂರೂವರೆ ಶತಮಾನ ತಡವಾದರೂ ಮನೆಯೊಳಕ್ಕೆ ಕರೆದುಕೊಂಡಿತು. ಇರಲಿ, ಮುಖ್ಯವಾದುದು ನಾಗವರ್ಮನ ವಿವೇಕ. ಅವನು ಶ್ಲೇಷೆಯ ಹೊರೆಯನ್ನೂ ವಿಶೇಷಣಗಳ ಸಾಲನ್ನೂ ಧಾರಾಳವಾಗಿ ಸವರಿದನು. ಆದರೆ ಸಂಜೆಯನ್ನೂ ಬೆಳುದಿಂಗಳನ್ನೂ ಸರೋವರವನ್ನೂ ಸವರಲಿಲ್ಲ. ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂಬುದು ಅವನಿಗೆ ತಿಳಿದಿತ್ತು.

ಶಾಲಾ ಆವೃತ್ತಿಗಳನ್ನು ಸಿದ್ಧಪಡಿಸುವವರಿಗೆ ಅದು ತಿಳಿದಂತಿಲ್ಲ. ಮಕ್ಕಳಿಗಾಗಿ ಸಂಗ್ರಹಿಸುವಾಗ ವರ್ಣನೆ ಬೇಸರ ತರಿಸುತ್ತದೆಂದು ಅದನ್ನು ಮೊದಲು ಕತ್ತರಿಸಿ ಘಟನೆಗಳ ಸರಪಳಿಯನ್ನು ಉಳಿಸಿಕೊಳ್ಳುವುದು ರೂಢಿ. ಆಗ ಉಳಿಯುವುದು ಯಾರು ಯಾವ ಜನ್ಮದಲ್ಲಿ ಯಾರಾಗಿದ್ದರು ಎಂಬ ಒಗಟಿನ ಉತ್ತರಪತ್ರಿಕೆ ಮಾತ್ರ. ಸಂಸ್ಕೃತ ತರಗತಿಗಳಲ್ಲಿ ನಡೆಯುವುದು ಬೇರೊಂದು ಬಗೆಯ ಕತ್ತರಿ. ಅಲ್ಲಿ ಇಡೀ ಗ್ರಂಥದಿಂದ ‘ಶುಕನಾಸೋಪದೇಶ’ ಒಂದನ್ನೇ ಬಿಡಿಸಿ ಪಠ್ಯವಾಗಿ ಇಡುತ್ತಾರೆ. ಯುವರಾಜಪಟ್ಟಕ್ಕೆ ಮುಂಚೆ ಮಂತ್ರಿ ಶುಕನಾಸನು ಚಂದ್ರಾಪೀಡನಿಗೆ ಯೌವನ, ಐಶ್ವರ್ಯ, ಅಧಿಕಾರಗಳ ಮದದ ವಿಷಯವಾಗಿ ಹೇಳುವ ಆ ಮಾತುಗಳು ಬೆಲೆಬಾಳುವಂಥವು. ಸಂಪತ್ತು ಹೇಗೆ ಮನುಷ್ಯನ ಕಿವಿಯನ್ನು ಕಿವುಡಾಗಿಸುತ್ತದೆಂಬುದನ್ನು ಹೇಳುವಲ್ಲಿ ಅವುಗಳಿಗೆ ಎಣೆಯಿಲ್ಲ. ಅವುಗಳನ್ನು ಕಲಿಸಬಾರದೆಂದು ಯಾರೂ ಹೇಳರು. ಆದರೆ ಉಪದೇಶವನ್ನು ಮಾತ್ರ ಇಟ್ಟುಕೊಂಡು, ಉಪದೇಶ ಕೇಳಿದವನಿಗೆ ಮುಂದೆ ಏನಾಯಿತೆಂಬುದನ್ನು ಬಿಟ್ಟರೆ ವಿದ್ಯಾರ್ಥಿಗೆ ಸಿಗುವುದು ಅರ್ಧಸತ್ಯ. ಅಷ್ಟನ್ನೂ ತಲೆಬಾಗಿ ಕೇಳಿದ ರಾಜಕುಮಾರನೇ ಕೊನೆಗೆ ಸೈನ್ಯವನ್ನು ಮರೆತು ಕಿನ್ನರರ ಬೆನ್ನು ಹತ್ತಿದನು. ಉಪದೇಶ ಸುಳ್ಳಾಯಿತೆಂದು ಬಾಣನ ಅಭಿಪ್ರಾಯವಲ್ಲ. ಉಪದೇಶ ಮುಗಿದ ಎಡೆಯಲ್ಲಿ ಬದುಕು ತೊಡಗುತ್ತದೆಂದು ಅವನು ಬಲ್ಲವನಾಗಿದ್ದನು.

ಕತ್ತರಿಸಿ ಉಳಿಸಿದ ಭಾಗವನ್ನಷ್ಟೇ ಕೊಟ್ಟರೆ ಹಸಿವು ಹಿಂಗುವುದಿಲ್ಲ. ಮಕ್ಕಳು ಬೇರೆಡೆ ಹುಡುಕುತ್ತಾರೆ. ಅಮೆರಿಕದ ಲೇಖಕಿ ಎರಿನ್ ಮಾರ್ಗೆನ್‌ಸ್ಟರ್ನ್ ಅವರ ‘ದಿ ನೈಟ್ ಸರ್ಕಸ್’ ಎಂಬ ಇಂಗ್ಲಿಷ್ ಕಾದಂಬರಿ 2011ರಲ್ಲಿ ಹೊರಬಂದು ಬಹುಜನಪ್ರಿಯವಾಯಿತು. ಕತ್ತಲಾದ ಮೇಲೆ ತೆರೆದು ಬೆಳಗಾದೊಡನೆ ಮುಚ್ಚುವ ಒಂದು ಸರ್ಕಸ್ಸು, ಕಪ್ಪು ಬಿಳುಪಿನ ಡೇರೆಗಳು, ಗುರುಗಳ ಪಂತಕ್ಕೆ ಸಿಕ್ಕಿ ಪರಸ್ಪರ ಸ್ಪರ್ಧಿಸಬೇಕಾದ ಇಬ್ಬರು ಎಳೆಯ ಮಾಯಾವಿಗಳು, ಅವರ ನಡುವೆ ಹುಟ್ಟುವ ಪ್ರೇಮ: ಇದು ಅದರ ವಸ್ತು. ಕಥೆ ನಿಧಾನವಾಗಿ ಸಾಗುತ್ತದೆಂಬುದು ಅದರ ಮೇಲಿನ ಆಕ್ಷೇಪಣೆ. ಡೇರೆಗಳ ವಾಸನೆ, ಬೆಂಕಿಯ ಬೆಳಕು, ಮಂಜುಗಡ್ಡೆಯ ತೋಟ ಮನಸ್ಸಿನಿಂದ ಮಾಸುವುದಿಲ್ಲವೆಂಬುದು ಅದರ ಮೇಲಿನ ಮೆಚ್ಚುಗೆ. ಬಾಣನ ವಿಷಯದಲ್ಲಿ ಪಂಡಿತರು ಆಡುತ್ತ ಬಂದ ನಿಂದೆ ಸ್ತುತಿಗಳೂ ಬೇರೆಯವಲ್ಲ. ಆ ಇಂಗ್ಲಿಷ್ ಪುಸ್ತಕವನ್ನು ಓದುವ ಕನ್ನಡದ ಹುಡುಗಿಗೆ, ಈ ರುಚಿ ಹೊರನಾಡಿನಿಂದ ಬಂದುದೆಂಬ ಭ್ರಮೆ ಇದ್ದರೆ ತಪ್ಪು ಅವಳದಲ್ಲ. ತನ್ನ ಭಾಷೆಯಲ್ಲಿ ಆ ಪ್ರಕಾರಕ್ಕೆ ಹೆಸರು ಕೊಟ್ಟ ಗ್ರಂಥವನ್ನು ಯಾರೂ ಅವಳ ಕೈಗೆ ಕೊಟ್ಟಿಲ್ಲ.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಮಗನು ಬರೆದ ಉತ್ತರಭಾಗದಲ್ಲಿ ಅವಸರವಿದೆ. ಗಂಟು ಬಿಚ್ಚುವ ಕೆಲಸವೇ ಹೆಚ್ಚಾಗಿ ತಂದೆಯ ಸಂಜೆಗಳು ಅಲ್ಲಿ ಕಡಿಮೆಯಾಗಿವೆ. ತಂದೆಯ ಮಾತಿನೊಡನೆಯೇ ತುಂಡಾದ ಕಥೆಗಾಗಿ ಸಜ್ಜನರು ಮರುಗುವುದನ್ನು ಕಂಡು ತೊಡಗಿದೆನೇ ಹೊರತು ಕವಿತ್ವದ ಗರ್ವದಿಂದಲ್ಲ ಎಂದು ಅವನೇ ವಿನಯದಿಂದ ಹೇಳಿಕೊಂಡಿರುವುದರಿಂದ ಅವನನ್ನು ಹೆಚ್ಚು ಹಳಿಯುವುದೂ ಸಲ್ಲದು. ಗಂಭೀರವಾದ ದೋಷ ಬೇರೊಂದಿದೆ. ಗಿಳಿ ತಂದ ಚಂಡಾಲಕನ್ನೆಯ ರೂಪಕ್ಕೆ ಬೆರಗಾದ ಶೂದ್ರಕನು, ಮುಟ್ಟಬಾರದ ಕುಲದಲ್ಲಿ ಇಂಥ ಚೆಲುವನ್ನು ಸೃಷ್ಟಿಸಿದ ಬ್ರಹ್ಮನ ಶ್ರಮ ವ್ಯರ್ಥವೆಂದು ಯೋಚಿಸುತ್ತಾನೆ. ಕೊನೆಗೆ ಅವಳು ಪುಂಡರೀಕನ ತಾಯಿ ಲಕ್ಷ್ಮಿಯೆಂದೂ, ಜನರ ಸಂಪರ್ಕ ತಗಲದಿರಲೆಂದೇ ಆ ವೇಷ ತೊಟ್ಟಿದ್ದಳೆಂದೂ ತಿಳಿಯುತ್ತದೆ. ಕಥೆ ಆ ಹುಡುಗಿಗೆ ಗೌರವ ಕೊಡುವುದು ಅವಳು ಆ ಕುಲದವಳಲ್ಲವೆಂದು ತೋರಿದ ಮೇಲೆಯೇ. ಹನ್ನೆರಡನೆಯ ಶತಮಾನದ ಶರಣರ ನುಡಿಗಳನ್ನು ಕೇಳುತ್ತ ಬೆಳೆದ ನಾಡಿನ ಓದುಗ ಇದನ್ನು ಸುಮ್ಮನೆ ನುಂಗಬೇಕಾಗಿಲ್ಲ, ನುಂಗಲೂಬಾರದು. ಆದರೆ ಆ ಪುಟವನ್ನು ಮರೆಮಾಡುವುದಕ್ಕಿಂತ, ತರಗತಿಯಲ್ಲಿಯೇ ತೆರೆದು, ರಾಜನ ಯೋಚನೆ ಏಕೆ ತಪ್ಪೆಂದು ಮಕ್ಕಳಿಂದಲೇ ಹೇಳಿಸುವುದು ಲೇಸು. ಬೇಟೆಗಾರನು ಮಾಂಸಕ್ಕಾಗಿ ಗಿಳಿ ಕೊಲ್ಲುವುದನ್ನು ನೋಡಿ ಕಣ್ಣೀರಿಟ್ಟ ಕವಿಗೆ ಆ ಹುಡುಗಿಯ ಎದುರು ಏಕೆ ಕಣ್ಣು ಮಂಜಾಯಿತು ಎಂಬ ಪ್ರಶ್ನೆಯನ್ನು 9ನೆಯ ತರಗತಿಯ ವಿದ್ಯಾರ್ಥಿ ಕೇಳಬಲ್ಲನು. ಕೇಳಿದರೆ ಉಪಾಧ್ಯಾಯನ ಶ್ರಮ ಸಾರ್ಥಕವಾಯಿತು.

ಗ್ರಂಥಭಂಡಾರಗಳಿಗೆ ಉದಾರವಾಗಿ ನೆರವಾಗುವ ಮಹನೀಯರು ನಿಘಂಟು, ನೀತಿಗ್ರಂಥ, ಪರೀಕ್ಷೆಯ ಮಾರ್ಗದರ್ಶಿಗಳನ್ನು ಕೊಡುವುದು ಸಹಜ, ಅವು ಬೇಕು. ಅವುಗಳ ಜೊತೆಗೆ, ವರ್ಣನೆಗಳನ್ನು ಉಳಿಸಿಕೊಂಡ, ಇಂದಿನ ಕನ್ನಡದಲ್ಲಿ ಸರಾಗವಾಗಿ ಓದಿಸಿಕೊಳ್ಳುವ ಒಂದು ‘ಕಾದಂಬರಿ’ ಪ್ರತಿ ಶಾಲೆಗೂ ಬರಬೇಕು. ಒಂದೇ ಪ್ರತಿಯಲ್ಲ, ಒಂದು ತರಗತಿ ಕೂಡಿ ಓದುವಷ್ಟು. ಪರೀಕ್ಷೆಗೆ ಅದನ್ನು ಇಡುವುದು ಬೇಡ. ವಸತಿನಿಲಯವಿರುವ ಶಾಲೆಗಳಲ್ಲಿ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಅರ್ಧ ಗಂಟೆ, ಓದಬಲ್ಲ ಉಪಾಧ್ಯಾಯರೊಬ್ಬರು ಗಟ್ಟಿಯಾಗಿ ಓದಿದರೆ ಸಾಕು. ಅಚ್ಛೋದದ ಪ್ರಸಂಗ ಕೆಲವು ಸಂಜೆಗಳಲ್ಲಿ ಮುಗಿಯುತ್ತದೆ.

ಗ್ರಂಥದಲ್ಲಿಯೇ ಕಥೆ ಹೇಳುವುದು ಹಾಗೆ. ಆಶ್ರಮದ ತರುಣ ಹಾರೀತನು ದಾರಿಯಲ್ಲಿ ಬಿದ್ದಿದ್ದ ಗಿಳಿಮರಿಗೆ ನೀರು ಕುಡಿಸಿ ಎತ್ತಿ ತಂದಾಗ, ಅದರ ಪೂರ್ವಕಥೆ ಹೇಳಬೇಕೆಂದು ತಪಸ್ವಿಗಳೆಲ್ಲ ಜಾಬಾಲಿಯನ್ನು ಬೇಡುತ್ತಾರೆ. ಕಥೆ ದೊಡ್ಡದು, ಹೊತ್ತು ಇಳಿದಿದೆ, ಸಂಜೆಯ ಕರ್ಮಗಳು ಮುಗಿಯಲಿ ಎಂದು ವೃದ್ಧ ಋಷಿ ಹೇಳುತ್ತಾನೆ. ಚಂದ್ರ ಮೂಡಿದ ಮೇಲೆ ಎಲ್ಲರೂ ಸುತ್ತ ಕುಳಿತುಕೊಳ್ಳುತ್ತಾರೆ, ಗಿಳಿಮರಿಯೂ ಅಲ್ಲಿದೆ. ಜಟೆ ನರೆತ ಆ ತಪೋನಿಧಿ ಬ್ರಹ್ಮಚಾರಿಗಳ ಮಧ್ಯದಲ್ಲಿ ಕುಳಿತು ರಾತ್ರಿಯೆಲ್ಲ ಪ್ರೇಮದ ಕಥೆ, ಶಾಪದ ಕಥೆ ಹೇಳುತ್ತಾನೆ. ಬಹಳ ಹೊತ್ತಿನ ಮೇಲೆ ಒಮ್ಮೆ ಮಾತು ನಿಲ್ಲಿಸಿ ನಸುನಗುತ್ತಾನೆ: ಹೇಳಹೊರಟದ್ದು ಈ ಗಿಳಿಯ ವೃತ್ತಾಂತ, ಕಥೆಯ ರುಚಿ ತನ್ನನ್ನೇ ಎಳೆದುಕೊಂಡು ಎಷ್ಟು ದೂರ ತಂದುಬಿಟ್ಟಿತು ನೋಡಿ, ಎಂದು ಶಿಷ್ಯರಿಗೆ ತೋರಿಸುತ್ತಾನೆ.